ಅಯ್ಯನವರ ಮೊಣಕಾಲಿಗೆ ತೇಪೆ

ನನ್ನ ಮಗನ ಮೊಣಕಾಲು ಕೆಟ್ಟದ್ದು ಮೋಟಾರ್ ಸೈಕಲ್ಲಿನಿಂದಲ್ಲ, ಸಂಕೋಚದಿಂದ. ಊರವರು ಏನು ಬೇಕಾದರೂ ಹೇಳಲಿ. ಕೆಲವರು ಶನಿಕಾಟ ಅಂದರು, ಕೆಲವರು ದೃಷ್ಟಿ ತಾಕಿದೆ ಅಂದರು, ಸೊಸೆಯ ತವರಿನವರು ಮುರುಮ್ ಊರಿನ ರಸ್ತೆಯ ತಗ್ಗು ಅಂದರು. ತಗ್ಗು ಇದ್ದದ್ದು ನಿಜ, ಅದರಲ್ಲಿ ಗಾಡಿ ಸಮೇತ ಬಿದ್ದದ್ದೂ ನಿಜ. ಆದರೆ ಬಿದ್ದವನು ಎದ್ದು ಮನೆಗೆ ಬಂದು ಮಲಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ. ಅವನು ಧೂಳು ಕೊಡವಿಕೊಂಡು ನೇರ ಭಕ್ತರ ಮನೆಗೆ ಹೋದ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಪಾದಪೂಜೆ ಮಾಡಿಸಿಕೊಂಡ. ಮರುದಿನ ಇನ್ನೊಂದು ಮನೆ. ಅದು ಶ್ರಾವಣ ಮಾಸ. ನಮ್ಮಂಥ ಜಂಗಮರ ಮನೆಯವರಿಗೆ ಶ್ರಾವಣವೆಂದರೆ ಎತ್ತಿಗೆ ಬಿತ್ತನೆಯ ಕಾಲ ಇದ್ದಂತೆ. ನೊಗ ಇಳಿಸುವುದು ಅಮಾವಾಸ್ಯೆಗೇ. ಊದಿದ ಮೊಣಕಾಲು ಮಡಚಿ ಇಡೀ ತಿಂಗಳು ಕೂತ. ಯಾರಾದರೂ "ಯಾಕ್ರಿ ಅಯ್ಯೋರೆ, ಮುಖ ಬಾಡ್ಯಾದಲ್ಲ?" ಎಂದು ಕೇಳಿದರೆ "ಏನಿಲ್ರಿ, ಉಪಾಸ" ಎನ್ನುತ್ತಿದ್ದ. ಮೂರು ಹೋಳಿಗೆ ತಿಂದವನ ಉಪವಾಸ!

ಈ ಸಂಕೋಚ ನನ್ನ ಕಡೆಯಿಂದ ಬಂದದ್ದಲ್ಲ, ಇದನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಅದು ಅವರಪ್ಪನ ಕಡೆಯ ಆಸ್ತಿ. ನನ್ನ ಯಜಮಾನರು ಇದ್ದಾಗ ಒಂದೇ ಮಧ್ಯಾಹ್ನ ನಾಲ್ಕು ಮನೆಯಲ್ಲಿ ಉಂಡು ಬರುತ್ತಿದ್ದರು, ನಾಲ್ಕನೆಯ ಮನೆಯಲ್ಲಿಯೂ "ಇನ್ನೊಂದ್ ಚೂರು" ಎಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಮನೆಗೆ ಬಂದು ಕಂಬಕ್ಕೆ ಒರಗಿ ಜೀರಿಗೆ ನೀರು ಕೇಳುವಾಗ ಅವರ ಕಣ್ಣಲ್ಲಿ ನೀರು ಇರುತ್ತಿತ್ತು. "ಒಲ್ಲೆ ಅನ್ಲಿಕ್ಕೇನ್ರಿ ಧಾಡಿ?" ಎಂದರೆ, "ಹೆಂಗ ಅನ್ಲಿ? ಬಡಿಸಿಬಿಟ್ಟಿದ್ರು" ಎನ್ನುತ್ತಿದ್ದರು. ನನಗೆ ಅಂಥದ್ದಿಲ್ಲ. ನಾನು ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಬಿಟ್ಟವಳು. ಕನ್ನಡ ಅಕ್ಷರ ಕಲಿಸಿದ್ದು ಮಾವನವರು, ಅದೂ ಅವರ ಕಣ್ಣು ಮಂಜಾಗಿ ಪುರಾಣ ಓದಿ ಹೇಳಲಿಕ್ಕೆ ಯಾರಾದರೂ ಬೇಕಾಗಿದ್ದಕ್ಕೆ. ಕಡಿಮೆ ಕಲಿತವರಿಗೆ ಒಂದು ಅನುಕೂಲ ಇದೆ: ಒಲ್ಲೆ ಎನ್ನುವುದಕ್ಕೆ ಸುತ್ತುಬಳಸಿನ ಮಾತು ಗೊತ್ತಿರುವುದಿಲ್ಲ, ಒಲ್ಲೆ ಎಂದೇ ಅನ್ನುತ್ತೇವೆ.

ಅಂತೂ ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಮಗ ರಾಚಯ್ಯ ಮಣೆಯಿಂದ ಏಳಬೇಕಾದರೆ ಗೋಡೆ ಬೇಕು, ಗೋಡೆ ದೂರ ಇದ್ದರೆ ಭಕ್ತರ ಹೆಗಲು ಬೇಕು ಎನ್ನುವ ಸ್ಥಿತಿ ಬಂತು. ಉಮರ್ಗಾದಲ್ಲಿ ಫೋಟೋ ತೆಗೆಸಿದರೆ ಎಲುಬು ಮುರಿದಿಲ್ಲ ಎಂದರು. ಎಲುಬು ಮುರಿದಿಲ್ಲ ಅಂದಮೇಲೆ ಮನೆಮದ್ದಿಗೆ ದಾರಿ ಸಿಕ್ಕಂತಾಯಿತು. ಎಕ್ಕದ ಎಲೆ ಕಟ್ಟಿದೆವು, ಸುಣ್ಣ ಬೆಲ್ಲ ಹಚ್ಚಿದೆವು, ನಿಲಂಗಾದಿಂದ ಯಾರೋ ಒಂದು ಎಣ್ಣೆ ತಂದುಕೊಟ್ಟರು. ಅದರ ವಾಸನೆಗೆ ನಮ್ಮ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತೇ ಹೊರತು ಮೊಣಕಾಲಿನ ನೋವು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಸೊಸೆ ಸುವರ್ಣಾ ಯಾರನ್ನೂ ಕೇಳದೆ ಸೋಲಾಪುರದ ಎಲುಬಿನ ಡಾಕ್ಟರರಲ್ಲಿ ಪಾಳಿ ಹಚ್ಚಿ ಬಂದಳು. ಆಕೆ ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಕಡೆ ಕೆಲಸ ಬಹಳ ಇರುತ್ತದೆ ಎಂಬುದು ನನಗೆ ಆಕೆ ಬಂದಮೇಲೆ ಗೊತ್ತಾದದ್ದು.

ಡಾಕ್ಟರು ಸಣ್ಣ ವಯಸ್ಸಿನವರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಮೊಣಕಾಲು ಇಟ್ಟುಕೊಂಡಿದ್ದರು, ಮಾತಾಡುತ್ತ ಮಾತಾಡುತ್ತ ಅದನ್ನು ಮಡಚುವುದು, ಚಾಚುವುದು. ದೊಡ್ಡ ಕೊಳವೆಯಂಥ ಯಂತ್ರದಲ್ಲಿ ಮಲಗಿಸಿ ತೆಗೆದ ಫೋಟೋ ನೋಡಿ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಎಲುಬಿನ ತುದಿಗೆ ಬೆಳ್ಳಗೆ ನುಣ್ಣಗೆ ಒಂದು ಗಾದಿ ಇರುತ್ತದೆ, ಎಲುಬಿಗೆ ಎಲುಬು ತಿಕ್ಕದಿರಲಿ ಎಂದು. ಬಿದ್ದಾಗ ಆ ಗಾದಿಯ ಒಂದು ತುಣುಕು ಕಿತ್ತಿದೆ, ಆಮೇಲೆ ಮಡಚಿ ಕೂತು ಕೂತು ಆ ಹರಕು ರೂಪಾಯಿಯಷ್ಟು ಅಗಲವಾಗಿದೆ. "ಈ ಗಾದಿಗೆ ರಕ್ತ ಹರಿಯುವುದಿಲ್ಲ ಆಜೀ, ಅದಕ್ಕೇ ತಾನಾಗಿ ಮಾಯುವುದಿಲ್ಲ" ಎಂದರು. ರಾಚಯ್ಯ ಕೇಳಿದ್ದು ಒಂದೇ ಪ್ರಶ್ನೆ. "ಮಣಿ ಮ್ಯಾಲ ಮತ್ತ ಕೂಡ್ಲಿಕ್ಕೆ ಬರ್ತದೇನ್ರಿ?" ಡಾಕ್ಟರಿಗೆ ಮಣೆ ಎಂದರೆ ತಿಳಿಯಲಿಲ್ಲ. ನಾನು ತಿಳಿಸಿ ಹೇಳಿದೆ: ನಮ್ಮ ಮನೆತನದ ಕಸುಬೇ ಕೂಡುವುದು. ಮದುವೆಯಿರಲಿ, ಮಣ್ಣಿರಲಿ, ಹೊಸ ಮನೆಯಿರಲಿ, ಗುರು ನೆಲಕ್ಕೆ ಮಣೆಯ ಮೇಲೆ ಕೂತು ಪಾದ ಚಾಚಬೇಕು, ಭಕ್ತರು ಪಾದ ತೊಳೆಯಬೇಕು. ಕೂಡಲಾರದ ಅಯ್ಯ ಊದಲಾರದ ಕೊಂಬಿನವನಂತೆ. ಡಾಕ್ಟರು ಪ್ಲಾಸ್ಟಿಕ್ ಮೊಣಕಾಲನ್ನು ಪೂರ್ತಿ ಮಡಚಿ ಅದನ್ನೇ ನೋಡಿದರು.

ಆಮೇಲೆ ಮೂರು ದಾರಿ ಹೇಳಿದರು. ಒಂದು, ಹರಕು ಬಿದ್ದ ಜಾಗದ ಎಲುಬಿಗೆ ಸಣ್ಣ ಸಣ್ಣ ರಂಧ್ರ ಕೊರೆಯುವುದು. ಒಳಗಿನಿಂದ ರಕ್ತ ಒಸರಿ ಬಂದು, ಹೆಪ್ಪುಗಟ್ಟಿ, ನಿಧಾನಕ್ಕೆ ಒಂದು ಪದರು ಕೂಡುತ್ತದೆ. ನನಗೆ ಕೂಡಲೇ ತಿಳಿಯಿತು. ಹಳೆಯ ನೆಲ ಸಾರಿಸುವ ಮುಂಚೆ ನಾವು ಗೀರು ಹಾಕುವುದಿಲ್ಲವೇ, ಹೊಸ ಮಣ್ಣು ಹಿಡಿಯಲಿ ಎಂದು? "ಅದೇ" ಎಂದರು ಡಾಕ್ಟರು, "ಆದರೆ ಸಾರಿಸಿದ್ದು ಮೊದಲಿನ ಗಾದಿಯಷ್ಟು ಗಟ್ಟಿ ಇರುವುದಿಲ್ಲ." ಇನ್ನೊಂದು, ಗಾದಿಯ ಒಂದು ಚಿಟಿಕೆ ತೆಗೆದು, ಹೊರಗೆ ಬೆಳೆಸಿ, ಕೆಲವು ವಾರ ಬಿಟ್ಟು ಮತ್ತೆ ಕಾಲು ತೆರೆದು ಹಾಕುವುದು. ಇದು ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ. ಆದರೆ ಅದಕ್ಕೆ ಎರಡು ಸಲ ಕೊಯ್ಯಬೇಕು, ಮತ್ತು ಆ ಮೊಸರು ದೂರದ ಊರಲ್ಲಿ ಆಗಬೇಕು. ಉಳಿದದ್ದು ಮೂರನೆಯದು. ಅದೇ ಮೊಣಕಾಲಿನ ಅಂಚಿನಲ್ಲಿ, ಭಾರ ಅಷ್ಟಾಗಿ ಬೀಳದ ಕಡೆಯಿಂದ, ಎಲುಬು ಸಮೇತ ಸಣ್ಣ ಸಣ್ಣ ದುಂಡನೆಯ ತುಣುಕು ತೆಗೆದು ಹರಕಿನ ಜಾಗದಲ್ಲಿ ಒತ್ತೊತ್ತಾಗಿ ಕೂಡಿಸುವುದು.

ಇದನ್ನು ಕೇಳಿ ನಾನು ಕುರ್ಚಿಯಲ್ಲೇ ಮುಂದೆ ಸರಿದೆ. ಯಾಕೆಂದರೆ ಇದು ಕೌದಿ! ಜೀವನದಲ್ಲಿ ನಾನು ಹಳೆಯ ಬಟ್ಟೆ ಕೂಡಿಸಿ ಎಷ್ಟು ಕೌದಿ ಹೊಲಿದಿದ್ದೇನೋ ಲೆಕ್ಕವಿಲ್ಲ. ಹಳೆಯ ಸೀರೆ ಸವೆಯುವುದು ಕೂಡುವ ಜಾಗದಲ್ಲಿ. ಆದರೆ ಸೆರಗಿನ ಅಂಚು, ಒಳಗೆ ಸಿಕ್ಕಿಸುವ ತುದಿ, ಇವು ಹೊಸದರಂತೆಯೇ ಇರುತ್ತವೆ. ಅಲ್ಲಿಂದ ಕತ್ತರಿಸಿ ನಡುವೆ ಹಚ್ಚಿದರೆ ತೇಪೆಯ ಬಣ್ಣವೂ ಕೂಡುತ್ತದೆ, ಬಟ್ಟೆಯೂ ಜಗಳ ಮಾಡುವುದಿಲ್ಲ. ಬೇರೆ ಸೀರೆಯ ತೇಪೆ ಹಚ್ಚಿದರೆ ಎರಡು ಒಗೆತಕ್ಕೆ ಒಂದು ಎಳೆಯುತ್ತದೆ, ಇನ್ನೊಂದು ಜೋಲುತ್ತದೆ, ಅತ್ತೆ ಸೊಸೆಯ ಹಾಗೆ. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. "ಬರೋಬರ್ ಆಜೀ" ಎಂದು ನಕ್ಕರು. "ದಾರ ಯಾವುದು ಹಾಕ್ತೀರಿ?" ಎಂದು ಕೇಳಿದೆ. ದಾರ ಇಲ್ಲವಂತೆ. ತೂತಿಗಿಂತ ಕೂದಲೆಳೆಯಷ್ಟು ದಪ್ಪದ ತುಣುಕನ್ನು ಬಿಗಿಯಾಗಿ ಒತ್ತುವುದಂತೆ, ಕುಂಟೆಗೆ ಗೂಟ ಬಡಿದ ಹಾಗೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ದಾರವಿಲ್ಲದ ಕೌದಿ ನಾನು ಕಂಡವಳಲ್ಲ. ಅಂಚಿನಲ್ಲಿ ತೆಗೆದ ಜಾಗ ಮತ್ತೆ ಗಾದಿಯಾಗುತ್ತದೆಯೇ ಎಂದರೆ, ಇಲ್ಲ, ಅಲ್ಲಿ ಸಾಧಾರಣ ಮಾಂಸದಂಥದ್ದು ತುಂಬಿಕೊಳ್ಳುತ್ತದೆ, ನಡೆಯುತ್ತದೆ ಎಂದರು. ಸೆರಗಿನ ಅಂಚು ಕತ್ತರಿಸಿದ ಸೀರೆಯನ್ನು ಉಟ್ಟವರಿಗೆ ಅದು ಗೊತ್ತಿದ್ದದ್ದೇ.

ಮೂರನೆಯ ದಾರಿಯಲ್ಲೇ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಆರು ವಾರ ಆ ಕಾಲಿನ ಮೇಲೆ ಭಾರ ಬೀಳಬಾರದು. ಆದರೆ ದಿನವೂ ಮಲಗಿದಲ್ಲಿಯೇ ಮಡಚಿ ಚಾಚಿ ಮಾಡಬೇಕು. ನನಗೆ ಇದು ಒಗಟಾಯಿತು. ಇವತ್ತು ತೇಪೆ ಹಾಕಿದ ಕೌದಿಯನ್ನು ನಾಳೆಯೇ ಯಾರಾದರೂ ಜಾಡಿಸುತ್ತಾರೆಯೇ? ಡಾಕ್ಟರು ಒದ್ದೆ ಸ್ಪಂಜು ತರಿಸಿ ಹಿಂಡಿ ತೋರಿಸಿದರು. ರಕ್ತ ಬಾರದ ಗಾದಿಗೆ ಊಟ ಹೋಗುವುದು ಹೀಗೆ ಅಲುಗಾಡಿದಾಗಲೇ ಅಂತೆ. "ತೂಕ ಬೇಡ, ಆಟ ಬೇಕು" ಎಂದರು. ಒಳ್ಳೆಯದು ಎಂದು ನಾನು ಮನೆಯಲ್ಲಿ ಆಟದ ಮಾಸ್ತರ ಆದೆ. ಹಾಸಿಗೆಯ ಮೇಲೆ ಹಿಮ್ಮಡಿ ಎಳೆದು ಎಳೆದು ಮಡಚುವಾಗ ಅವನಿಗೆ ಜೀವ ಹೋಗುವಷ್ಟು ನೋವು. ಆದರೆ ಕೂಗಲಿಕ್ಕೂ ಸಂಕೋಚ, "ಶಿವಶಿವಾ" ಎನ್ನುತ್ತಿದ್ದ. ಹೊರಗೆ ಕೂತವರು ಅಯ್ಯನವರು ಜಪಕ್ಕೆ ಕೂತಿದ್ದಾರೆ ಎಂದು ಕೈ ಮುಗಿಯುತ್ತಿದ್ದರು.

ಹೊರಗೆ ಕೂತವರು ಎಂದೆನಲ್ಲ, ತೊಂದರೆ ಶುರುವಾದದ್ದು ಅವರಿಂದ. ಗುರುಗಳ ಕಾಲಿಗೆ ಆಪರೇಷನ್ ಆಗಿದೆ ಎಂದು ಸುದ್ದಿ ಹರಡಿತು. ಬೇರೆಯವರಾದರೆ ಬಾಳೆಹಣ್ಣು ತಂದು, ನೋಡಿ, ಹೋಗುತ್ತಾರೆ. ನಮ್ಮ ಭಕ್ತರು ತಂಬಿಗೆ ತಂದರು. ಗುರುಗಳು ಮನೆಯಲ್ಲೇ ಸಿಗುತ್ತಾರೆ, ಕಾಲು ಹೇಗೂ ಚಾಚಿಯೇ ಇದೆ, ಪಾದಪೂಜೆಗೆ ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಮಾಕಣಿಯಿಂದ ಬಂದ ಒಬ್ಬ ಹೆಣ್ಣುಮಗಳು ನಾನು ಒಲೆಯ ಮುಂದೆ ಇದ್ದಾಗ ಪಟ್ಟಿ ಕಟ್ಟಿದ ಬಲಗಾಲಿಗೇ ತಂಬಿಗೆ ಎತ್ತಿದ್ದಳು, ಸುವರ್ಣಾ ಓಡಿಬಂದು ಕೈ ಹಿಡಿದಳು. ಇವನು ಏನೂ ಅನ್ನದೆ ದೇವರ ಹಾಗೆ ಮಲಗಿದ್ದ. ಅವತ್ತಿನಿಂದ ನಾನು ಬಲಗಾಲಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿ, ಎಡಗಾಲಿನ ಹೆಬ್ಬೆರಳನ್ನು ಮಾತ್ರ ಹೊರಗೆ ಬಿಟ್ಟು, ಬಾಗಿಲಲ್ಲಿ ಕೋಲು ಹಿಡಿದು ಕೂತೆ. "ಒಂದು ಬೊಟ್ಟು, ಒಂದು ಹನಿ, ಹಂಗೇ ಹಿಂದಕ್ಕ ನಡೀರಿ" ಎನ್ನುತ್ತಿದ್ದೆ. ಒಬ್ಬ ಮುದುಕ, "ಎಡಗಾಲು ನಡೀತದೇನ್ರಿ ಅಮ್ಮೋರೆ?" ಎಂದು ಕೇಳಿದ. "ನಡಿಯೂದು ಅದೊಂದೇ ಐತಿ, ಸುಮ್ನ ಮಾಡೋ" ಎಂದೆ.

ಕಾಸಾರಶಿರಸಿಯ ಮಾಣಿಕಪ್ಪನನ್ನು ಮಾತ್ರ ಕೋಲಿನಿಂದ ತಡೆಯಲಾಗಲಿಲ್ಲ. ಅವನ ಮನೆತನಕ್ಕೆ ನಮ್ಮ ಮನೆತನ ಅವರಜ್ಜನ ಅಜ್ಜನ ಕಾಲದಿಂದ ಗುರು. ಅವನು ಹೊಸ ಮನೆ ಕಟ್ಟಿಸಿದ್ದ. ಬಣ್ಣವಾಗಿ, ಫ್ಯಾನು ಕೂಡ ಹಾಕಿ ಆಗಿತ್ತು. ಆದರೆ ಗುರುವಿನ ಬಲಗಾಲು ಹೊಸ್ತಿಲು ದಾಟುವವರೆಗೆ ಒಳಗೆ ಒಲೆ ಹಚ್ಚುವ ಹಾಗಿಲ್ಲ. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟಿದ್ದರಿಂದ ಇಡೀ ಮನೆಮಂದಿ ದನದ ಕೊಟ್ಟಿಗೆಯಲ್ಲಿದ್ದರು. ಬೇರೆ ಅಯ್ಯನನ್ನು ಕರೆ ಎಂದರೆ, "ಬ್ಯಾರೇದವರ ಕಾಲು ನಮ್ಮ ಮನಿಗಿ ನಡಿಯಂಗಿಲ್ರಿ" ಎನ್ನುವವನು. ನನ್ನ ಮಗನಿಗೆ ಫೋನು ಮಾಡಿ ಕೇಳಿದ್ದಾನೆ. ಇವನು "ನೋಡೋಣ" ಎಂದಿದ್ದಾನೆ. ನನ್ನ ಮಗನ ಭಾಷೆಯಲ್ಲಿ ನೋಡೋಣ ಎಂದರೆ ಹೂಂ ಎಂದರ್ಥ. ಆರು ವಾರ ತುಂಬುವುದಕ್ಕೆ ಇನ್ನೂ ದಿನಗಳಿದ್ದವು.

ಹೀಗೆ ಒಂದು ಮುಂಜಾನೆ ನಾನು ಸ್ನಾನ ಮುಗಿಸಿ ಹೊರಗೆ ಬಂದರೆ, ಅಂಗಳದಲ್ಲಿ ಜೀಪು. ಒಳಗೆ ರಾಚಯ್ಯ ರೇಷ್ಮೆ ಮಡಿ ಉಟ್ಟು, ವಿಭೂತಿ ಧರಿಸಿ, ಹಾಸಿಗೆಯ ತುದಿಗೆ ಕೂತಿದ್ದಾನೆ.

"ಎಲ್ಲಿಗಿ ಹೊಂಟಿ?" ಎಂದೆ.

"ಎಲ್ಲೂ ಇಲ್ಲವ್ವ."

"ಎಲ್ಲೂ ಇಲ್ಲದಕ್ಕ ರೇಶಿಮಿ ಉಟ್ಟಿಯೇನು?"

ಮಾಣಿಕಪ್ಪ ಕೈ ಮುಗಿದು ಅಡ್ಡ ಬಂದ. "ಅಮ್ಮೋರೆ, ನಾಳಿ ಮುಂಜಾನಿ ಮುಹೂರ್ತ ಅದರಿ. ಕುರ್ಚಿ ಸಮೇತ ಎತ್ತಿ ಒಯ್ತೀವಿ, ಹೂವಿನಂಗ. ಹೊಸ್ತಲದಾಗ ಬರೇ ಒಂದು ಹೆಜ್ಜಿ. ಒಂದೇ ಒಂದು."

"ಎಡಗಾಲೇನು?"

"ಏ ಏ, ಬಲಗಾಲೇ ಆಗಬೇಕಲ್ರಿ."

"ತ್ಯಾಪಿ ಬಿದ್ದದ್ದೂ ಅದಕ್ಕೇ ಅದ, ಮಾಣಿಕಪ್ಪ. ಒಂದು ಹೆಜ್ಜಿ ಅಂದ್ರ ಇಡೀ ಮನಷ್ಯಾನ ಭಾರ. ನಿನ್ನ ಮನಿ ಸಿಮೆಂಟು ಹಸಿ ಇದ್ದಾಗ ಮ್ಯಾಲ ಎಮ್ಮಿ ಹತ್ತಿಸಿದ್ದೇನು?"

ನನ್ನ ಮಗನಿಗೆ ಜಗಳ ಎಂದರೆ ಆಗದು. ನಮ್ಮಿಬ್ಬರ ಬಾಯಿ ಮುಚ್ಚಿಸಲಿಕ್ಕೆ, "ಇರ್ಲಿ ಬಿಡ್ರಿ, ನಾ ನಡೀತೀನಿ" ಎಂದವನೇ ಬಗಲಗೋಲು ಇಲ್ಲದೆ ಎದ್ದು ಬಲಗಾಲು ಊರಿದ. ಟಕ್ ಎಂದು ಸದ್ದಾಯಿತು. ಅದು ಅವನೊಬ್ಬನಿಗಲ್ಲ, ನಮ್ಮೆಲ್ಲರಿಗೂ ಕೇಳಿಸಿತು. ಅವನ ಮುಖ ಹಣೆಯ ವಿಭೂತಿಯ ಬಣ್ಣಕ್ಕೆ ಬಂತು, ಹಾಗೇ ಹಾಸಿಗೆಯ ಮೇಲೆ ಕುಸಿದ. ಅಲ್ಲಿಯವರೆಗೆ ಒಂದಕ್ಷರ ಮಾತಾಡದ ಸುವರ್ಣಾ ದಿಂಬು ಬಗಲಲ್ಲಿ ಹಿಡಿದುಕೊಂಡು ಬಂದು ಮಾಣಿಕಪ್ಪನಿಗೆ ಹೇಳಿದಳು:

"ಗಾಡಿ ಸುರು ಮಾಡ್ರಿ. ಕಾಸಾರಶಿರಸಿಗಲ್ಲ, ಸೋಲಾಪುರಕ್ಕ."

ದಾರಿಯುದ್ದಕ್ಕೂ ಆಕೆ ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತಗ್ಗು ಬಂದಲ್ಲೆಲ್ಲ ಮಾಣಿಕಪ್ಪ ಎತ್ತಿನ ಗಾಡಿಗಿಂತ ನಿಧಾನಕ್ಕೆ ಇಳಿಸುತ್ತಿದ್ದ. ನಾನು ಕೊರಳಿನ ಲಿಂಗದ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಅಂಚು ಒಮ್ಮೆ ಕತ್ತರಿಸಿ ಆಗಿದೆ, ಈಗ ತೇಪೆ ಕಿತ್ತರೆ ಮತ್ತೆ ಕತ್ತರಿಸಲಿಕ್ಕೆ ಬಟ್ಟೆ ಎಲ್ಲಿದೆ, ಇದೊಂದೇ ಯೋಚನೆ.

ಡಾಕ್ಟರು ಫೋಟೋ ತೆಗೆಸಿದರು, ಒತ್ತಿದರು, ಮಡಚಿದರು, ಕಿವಿಗೊಟ್ಟರು. ನಾವು ಮೂವರೂ ಅವರ ಮುಖವನ್ನು ಓದುತ್ತ ನಿಂತಿದ್ದೆವು. ಕೊನೆಗೆ ಹೇಳಿದರು, ತೇಪೆ ಗಟ್ಟಿಯಾಗಿ ಕೂತಿದೆ. ಟಕ್ ಎಂದದ್ದು ಬಹಳ ದಿನ ಕೆಲಸವಿಲ್ಲದೆ ಬಿಗಿದ ಮೊಣಕಾಲಿನ ಚಿಪ್ಪು. "ದೈವ ದೊಡ್ಡದು, ಆದರೆ ದಿನವೂ ದೊಡ್ಡದಿರುವುದಿಲ್ಲ. ಯಾರು ನಿಲ್ಲು ಎಂದವರು?" ಎಂದು ಕೇಳಿದಾಗ ಮಾಣಿಕಪ್ಪ ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡತೊಡಗಿದ. ರಾಚಯ್ಯ "ನಾನೇ ನಿಂತೆ" ಎಂದ. ಮತ್ತೆ ಅದೇ ಪ್ರಶ್ನೆ, ಮಣೆಯದು, ಮೆಲ್ಲಗೆ ಕೇಳಿದ. ಡಾಕ್ಟರು ಹೇಳಿದರು: ಕೆಲವು ತಿಂಗಳು ಕುರ್ಚಿಯ ಮೇಲೇ ಕೂಡಬೇಕು. ತೇಪೆ ಸುತ್ತಲಿನ ಗಾದಿಯೊಂದಿಗೆ ಬೆರೆತ ಮೇಲೆ ಸ್ವಲ್ಪ ಸ್ವಲ್ಪ ನೆಲಕ್ಕೆ. "ಭಾಷೆ ಕೊಡಲಾರೆ. ಆದರೆ ವಯಸ್ಸಿದೆ, ಮಾಂಸಖಂಡ ಚೆನ್ನಾಗಿದೆ. ನನಗೆ ಆಸೆ ಇದೆ." ಡಾಕ್ಟರು ತಮಗೇ ಆಸೆ ಇದೆ ಎಂದದ್ದು ನನಗೆ ಹಿಡಿಸಿತು. ಆಸೆ ಇಟ್ಟುಕೊಳ್ಳಲು ನಮಗೆ ಹೇಳಿ ತಾವು ಕೈ ತೊಳೆದುಕೊಳ್ಳುವವರನ್ನು ಬಹಳ ನೋಡಿದ್ದೇನೆ.

ಬಂದದ್ದು ಬಂದಿದ್ದೇನೆ ಎಂದು ನಾನೂ ಸೀರೆ ಸ್ವಲ್ಪ ಸರಿಸಿ ನನ್ನ ಮೊಣಕಾಲುಗಳನ್ನು ಮುಂದೆ ಮಾಡಿದೆ. "ಇವಕ್ಕೂ ಒಂದೊಂದು ತ್ಯಾಪಿ ಹಚ್ಚಿಬಿಡ್ರಿ." ಡಾಕ್ಟರು ಮುಟ್ಟಿ ನೋಡಿದರು. ನನ್ನ ಮೊಣಕಾಲುಗಳು ಹುರುಳಿ ಬೀಸುವ ಕಲ್ಲಿನ ಹಾಗೆ ಸದ್ದು ಮಾಡಿದವು. "ಆಜೀ, ತೇಪೆ ನಿಲ್ಲಬೇಕಾದರೆ ಸುತ್ತ ಗಟ್ಟಿ ಬಟ್ಟೆ ಬೇಕು. ನಿಮ್ಮದು..." ಎಂದು ನಿಲ್ಲಿಸಿದರು.

"ಜರಡಿ ಅನ್ರಿ."

"ನಾನು ಅನ್ನಲಿಲ್ಲ, ನೀವೇ ಅಂದ್ರಿ." ಆಮೇಲೆ ಕೈ ತೋರಿಸಿ ಹೇಳಿದರು: ನಡೆಯಿರಿ, ಕಾಲೆತ್ತುವ ವ್ಯಾಯಾಮ ಮಾಡಿ, ನೆಲಕ್ಕೆ ಮಾತ್ರ ಕೂಡಬೇಡಿ. ನಾನು ಹೂಂ ಎಂದೆ.

ಮರಳಿ ಬರುವಾಗ ಹೊತ್ತು ಇಳಿಯುತ್ತಿತ್ತು. ಮುರುಮ್ ಊರು ಹತ್ತಿರ ಬಂದಾಗ ಮಾಣಿಕಪ್ಪ ತನಗೇ ಹೇಳಿಕೊಂಡಂತೆ, "ಇನ್ನೊಂದು ಮುಹೂರ್ತ ದೀಪಾವಳಿ ಮ್ಯಾಲೇ ಅದ. ಇರ್ಲಿ, ಕೊಟ್ಟಿಗಿ ಬೆಚ್ಚಗ ಅದ" ಎಂದ. ರಾಚಯ್ಯನ ಕುತ್ತಿಗೆ ಬಾಗಿತು. ಇನ್ನೊಂದು ನಿಮಿಷ ಬಿಟ್ಟರೆ ಇವನು ಮತ್ತೆ "ನೋಡೋಣ" ಎನ್ನುತ್ತಾನೆ ಎಂದು ನನಗೆ ತಿಳಿಯಿತು.

"ನಾಳಿ ಮುಂಜಾನಿ ನಾ ಬರ್ತೀನಿ" ಎಂದೆ. "ಕಾಲು ನಮ್ಮ ಮನಿತನದ್ದೇ ಬೇಕಲ್ಲ? ಇವೂ ಅದೇ ಮನಿತನದ್ದು."

ಮಾಣಿಕಪ್ಪ ಗಾಡಿ ನಿಧಾನ ಮಾಡಿದ. "ಅಮ್ಮೋರೆ, ಹಂಗಲ್ಲರಿ... ನೀವು ಅಂದ್ರ... ಮಂದಿ ಏನರ..."

"ಗಂಡ ಸತ್ತಾಕಿ ಅಂತೇನು? ಬಾಯಿ ಬಿಟ್ಟು ಅನ್ನು. ಅವರು ಹೋಗುವಾಗ ನನ್ನ ಕೊರಳಾನ ಲಿಂಗ ಒಯ್ದಿಲ್ಲ, ಇಲ್ಲೇ ಅದ. ನಿಮ್ಮವ್ವ ನಿನ್ನ ಹಡದಾಗ ನಿನ್ನ ಹಣಿಗಿ ಮೊದಲ ವಿಭೂತಿ ಹಚ್ಚಿದ ಕೈ ಯಾವುದು ಕೇಳಿಕೋ."

ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ ಇಳಿದು, ನನ್ನ ಕಾಲು ಮುಟ್ಟಿದ. "ಹಂಗಾದ್ರ ನಸುಕಿನ್ಯಾಗ ಬರ್ತೀನ್ರಿ" ಎಂದ.

ಮರುದಿನ ಮುಂಜಾನೆ ನಾನು ಕಾಸಾರಶಿರಸಿಯ ಹೊಸ ಮನೆಯ ಹೊಸ್ತಿಲನ್ನು ಬಲಗಾಲಿನಿಂದ ದಾಟಿದೆ. ಹಾಲು ಉಕ್ಕಿತು. ಒಂದಿಬ್ಬರು ಹೆಂಗಸರು ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಅವರ ಕಡೆ ನೋಡಿದೆ, ನಿಲ್ಲಿಸಿದರು. ನಡುಮನೆಯಲ್ಲಿ ಮಣೆ ಹಾಕಿ, ಸುತ್ತ ರಂಗೋಲಿ ಬಿಟ್ಟು, ತಾಟು ತಂಬಿಗೆ ಇಟ್ಟುಕೊಂಡು ಮಾಣಿಕಪ್ಪ ಮತ್ತು ಅವನ ಹೆಂಡತಿ ಕಲಾವತಿ ಕೈ ಮುಗಿದು ನಿಂತಿದ್ದರು. ನಾನು ಕೂತೆ. ಕೂಡುವುದೇನು, ಬಿದ್ದೆ ಎಂದರೂ ಆದೀತು. ಪಾದ ತೊಳೆದರು, ಪತ್ರಿ ಏರಿಸಿದರು, ಆರತಿ ಬೆಳಗಿದರು. ಎಲ್ಲ ಸಾಂಗವಾಯಿತು. ಆಮೇಲೆ ಏಳಬೇಕಲ್ಲ! ಮೊಣಕಾಲುಗಳು ನನ್ನವಲ್ಲವೆಂಬಂತೆ ಕೂತುಬಿಟ್ಟವು.

"ಏಳ್ರಿ ಅಮ್ಮೋರೆ, ಪ್ರಸಾದಕ್ಕ" ಎಂದಳು ಕಲಾವತಿ.

"ಏಳ್ತೀನಿ, ಯಾಕ ಅವಸರ?" ಎಂದು ಸಮಯ ಕಳೆಯಲಿಕ್ಕೆ ಎದುರಿಗಿದ್ದವರಿಗೆಲ್ಲ ಆಶೀರ್ವಾದ ಮಾಡಿದೆ. ಮಕ್ಕಳಿಗೆ ಮಾಡಿದೆ, ಸೊಸೆಯಂದಿರಿಗೆ ಮಾಡಿದೆ, ಕಿಟಕಿಯಲ್ಲಿ ಕಂಡ ಎಮ್ಮೆಗೆ ಮಾಡಿದೆ. ಮೇಲಿನ ಹೊಸ ಫ್ಯಾನಿಗೆ ಕೈ ಎತ್ತಿದಾಗ ಕಲಾವತಿಗೆ ಸಂಶಯ ಬಂತು. ಕೊನೆಗೆ ನಾಲ್ಕು ಮಂದಿ ಹೆಣ್ಣುಮಕ್ಕಳು ಬಗಲಿಗೆ ಕೈ ಹಾಕಿ, "ಹರಹರ" ಎಂದು, ಜೋಳದ ಚೀಲದ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿದರು. ನೆರೆದ ಮಂದಿಯೆಲ್ಲ ನೋಡಿತು. ಮಾಣಿಕಪ್ಪನ ಕಣ್ಣಲ್ಲಿ ನೀರು. ಎಲ್ಲರ ಮುಂದೆ ಹೇಳಿದ, "ಇನ್ನ ಮ್ಯಾಲ ನಮ್ಮ ಮನಿಯಾಗ ಗುರುಗಳಿಗಿ ಕುರ್ಚಿ. ಪಾದ ಎಲ್ಲಿದ್ರೂ ಪಾದಾನೇ." ಬೇರೆ ಊರಿಂದ ಬಂದ ಭಕ್ತರೂ ತಲೆ ಆಡಿಸಿದರು. ಇಷ್ಟು ದಿನ ಕೋಲು ಹಿಡಿದು ಕೂತರೂ ಆಗದ ಕೆಲಸ ನನ್ನ ಏಳಲಾರದ ಮೊಣಕಾಲಿನಿಂದ ಆಯಿತು. ಬೇಕೆಂದೇ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು.

ಕೂಡಲೇ ಮಾಣಿಕಪ್ಪನ ಫೋನಿನಿಂದ ಮಗನಿಗೆ ಹೇಳಿದೆ. "ಇನ್ನ ನೀ ಎಷ್ಟು ತಿಂಗಳು ಬೇಕಾದ್ರೂ ತಡಿ, ಎಲ್ಲರ ಮನ್ಯಾಗೂ ಕುರ್ಚಿ ಹಾಕ್ತಾರ."

ಅವನು ಸಂತೋಷಪಟ್ಟ. ಆಮೇಲೆ ಕೇಳಿದ, "ಅಲ್ಲವ್ವ, ನಿನ್ನೇನೇ ಡಾಕ್ಟರ್ ನಿನಗ ನೆಲಕ್ಕ ಕೂಡಬ್ಯಾಡ ಅಂದಿದ್ರಲ್ಲ. ಒಲ್ಲೆ ಅನ್ಲಿಕ್ಕೇನಾಗಿತ್ತು?"

"ಹೆಂಗ ಅನ್ಲಿ?" ಎಂದೆ. "ಮಣಿ ಹಾಕಿಬಿಟ್ಟಿದ್ರು."

ಆ ಕಡೆಯಿಂದ ಮಾತು ಕಡಿಮೆಯ ನನ್ನ ಸೊಸೆ ಗಟ್ಟಿಯಾಗಿ ನಗುವುದು ಕೇಳಿಸಿತು.